ಬೂದು ಬಣ್ಣದ ತೋಟ

ಪರದೆ ಎಂಟು ಹೆಂಗಸರ ಜೀವ ಉಳಿಸಿತು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಗೋಣಿಬೀಡಿನ ಹೋಟೆಲಿನಲ್ಲಿ ಹೇಳುತ್ತಾರೆ, ಮೂಡಿಗೆರೆ ಬಸ್ಸಿನಲ್ಲಿ ಹೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಹಾಕಿ ಕಾಯುವಾಗಲೂ ಹೇಳುತ್ತಾರೆ. ಕಥೆಯ ಕ್ರಮ ಯಾವಾಗಲೂ ಒಂದೇ. ನೆಲದಲ್ಲಿ ಹೂತಿಟ್ಟ ಸೆನ್ಸರಿಗೆ ಆನೆಯ ಹೆಜ್ಜೆ ಸಿಕ್ಕಿತು, ಸೋಲಾರ್ ಬೇಲಿಯ ಕರೆಂಟು ಇಳಿಯಿತು, ಕ್ಯಾಮೆರಾ ಸಲಗವನ್ನು ಹಿಡಿಯಿತು, ಮೂರು ಸುದ್ದಿಯೂ ಒಂದೇ ಪರದೆಗೆ ಬಂದವು, ಹೆಂಗಸರು ಕಾಫಿ ಕೊಯ್ಯುತ್ತಿದ್ದ ತೋಟದಲ್ಲಿ ಸೈರನ್ ಕೂಗಿತು, ಅವರು ಓಡಿದರು, ಬದುಕಿದರು. ನಂಬಿಕೆ ಇಲ್ಲದಿದ್ದರೆ ದಾಖಲೆ ತೆಗೆದು ನೋಡಿ, ಎಲ್ಲ ಇದೆ ಎನ್ನುತ್ತಾರೆ.

ದಾಖಲೆಯನ್ನು ನಾನೂ ನೋಡಿದ್ದೇನೆ. ಆ ದಿನ ಪರದೆಯ ಮುಂದೆ ಕುಳಿತಿದ್ದವಳು ನಾನು. ಅದರಲ್ಲಿ ಒಂದು ಸಾಲು ಸುಳ್ಳಿದೆ. ಆ ಸಾಲನ್ನು ಬರೆದವಳೂ ನಾನೇ.

ದೇಶದ ಗಡಿ ನಮ್ಮಿಂದ ಬಹಳ ದೂರ. ಆದರೆ ಈ ತಂತ್ರಾಂಶ ಹುಟ್ಟಿದ್ದು ಅಂಥ ಗಡಿಗಾಗಿ. ಬೆಳೆಗಾರರೆಲ್ಲ ಸೇರಿ ಅದನ್ನು ತರಿಸಿಕೊಳ್ಳುವ ಮೊದಲು ಒಂದು ಸಭೆ ಕರೆದಿದ್ದರು. ಕಂಪನಿಯ ಇಂಜಿನಿಯರ್ ಬಂದು ವಿವರಿಸಿದರು. ಗಡಿಯಲ್ಲಿ ಕ್ಯಾಮೆರಾ ಒಂದು ಕಡೆ, ರೇಡಾರ್ ಇನ್ನೊಂದು ಕಡೆ, ನೆಲದ ಸೆನ್ಸರ್ ಮತ್ತೊಂದು ಕಡೆ. ಕಾವಲಿನವರು ಯಾವುದನ್ನು ನೋಡಬೇಕು ಎಂದು ಯೋಚಿಸುವಷ್ಟರಲ್ಲಿ ದಾಟುವವನು ದಾಟಿರುತ್ತಾನೆ. ಎಲ್ಲವನ್ನೂ ಒಂದು ನಕ್ಷೆಯ ಮೇಲೆ ತಂದು, ಯಾರು ಯಾವ ಕಡೆಯಿಂದ ಹೋಗಿ ತಡೆಯಬೇಕು ಎಂಬುದನ್ನೂ ಅದೇ ಹೇಳುವಂತೆ ಮಾಡಿದ್ದಾರೆ. ಇಲ್ಲಿ ಗಡಿ ಎಂದರೆ ಕಾಡಂಚು, ದಾಟುವವನು ಆನೆ. ಅಷ್ಟೇ ವ್ಯತ್ಯಾಸ ಎಂದರು.

ನಾನು ಎದ್ದು ನಿಂತೆ. ಕಾಲೇಜಿನಲ್ಲಿದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಗೆ ಹೋದವಳು ನಾನು. ಯಾರಾದರೂ ‘ಅಷ್ಟೇ ವ್ಯತ್ಯಾಸ’ ಎಂದರೆ ಕೂತಿರಲು ಆಗುವುದಿಲ್ಲ.

“ಸರ್, ಆ ಗಡೀಲಿ ಈಚೆ ಇರೋರು ಯಾರು, ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿರುತ್ತೆ. ಇಲ್ಲಿ ಈಚೆ ಇರೋರು ಕಾಫಿ ಕೊಯ್ಯೋ ಜನ. ಆನೆ ಎಲ್ಲಿದೆ ಅಂತ ನಿಮ್ಮ ಪರದೆ ಹೇಳುತ್ತೆ. ಜನ ಎಲ್ಲಿದ್ದಾರೆ ಅಂತ ಹೇಳೋರು ಯಾರು?”

ಇಂಜಿನಿಯರ್ ಪೆನ್ನು ತೆಗೆದು ಬರೆದುಕೊಂಡರು. ಉತ್ತರವನ್ನೂ ನಾನೇ ಕೊಟ್ಟೆ. ಪ್ರತಿದಿನ ಬೆಳಿಗ್ಗೆ ಪ್ರತಿಯೊಬ್ಬ ಬೆಳೆಗಾರರ ಫೋನಿಗೂ ಒಂದು ಪ್ರಶ್ನೆ ಹೋಗಲಿ: ‘ಇಂದು ತೋಟದಲ್ಲಿ ಜನ ಇದ್ದಾರೆಯೇ?’ ಅದರ ಕೆಳಗೆ ಎರಡು ಗುಂಡಿ: ‘ಇದ್ದೇವೆ’, ‘ಇಲ್ಲ’. ಜನ ಇರುವ ತೋಟ ನಕ್ಷೆಯಲ್ಲಿ ಹಳದಿಯಾಗಲಿ, ಇಲ್ಲದ್ದು ಬೂದು ಬಣ್ಣಕ್ಕೆ ತಿರುಗಲಿ. ಆನೆ ಬಂದಾಗ ಹಳದಿಯನ್ನು ಬಿಟ್ಟು ಬೂದು ಬಣ್ಣದ ದಾರಿಯಲ್ಲಿ ಅದನ್ನು ಕಾಡಿಗೆ ಅಟ್ಟಬಹುದು. ಚಪ್ಪಾಳೆ ಬಿತ್ತು.

ವಿರೋಧಿಸಿದ್ದು ನನ್ನ ಅತ್ತೆ ಒಬ್ಬಳೇ. ಅಪ್ಪನ ಅಕ್ಕ. ನಾನು ಶಾಲೆಗೆ ಹೋಗುವ ಕಾಲದಿಂದಲೂ ಅವಳ ಮನೆಯಲ್ಲೇ ಇರುವವಳು. ಹಳ್ಳದ ಪಕ್ಕದಲ್ಲಿ ಅವಳದೊಂದು ಸಣ್ಣ ತೋಟ ಇದೆ.

“ನಾವೇನು ಗೂಟಕ್ಕೆ ಕಟ್ಟಿದ ದನಾನ, ಅವರವರ ತೋಟದಲ್ಲೇ ಇರೋಕೆ?” ಎಂದಳು. “ಇವತ್ತು ಇಲ್ಲಿರ್ತೀವಿ, ನಾಳೆ ಇನ್ನೊಬ್ರ ತೋಟಕ್ಕೆ ಹೋಗ್ತೀವಿ. ಅದನ್ನ ಯಾರು ಒತ್ತದು?”

ನಾನು ಬೆರಳು ಮಡಚುತ್ತ ಮೂರು ಅಂಶಗಳಲ್ಲಿ ಉತ್ತರ ಕೊಟ್ಟೆ. ಅಂಶಗಳು ಈಗ ನೆನಪಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಕುಳಿತದ್ದು ಮಾತ್ರ ನೆನಪಿದೆ. ಎದುರಾಳಿ ಕುಳಿತ ಮೇಲೆ ಅವರ ಮಾತಿನಲ್ಲಿ ಏನಿತ್ತು ಎಂದು ಯೋಚಿಸುವ ಅಭ್ಯಾಸ ನನಗೆ ಇರಲಿಲ್ಲ. ಗೋಣಿಬೀಡಿನಲ್ಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೇಂದ್ರ ತೆರೆದಾಗ, ಪರದೆ ನೋಡುವ ಕೆಲಸಕ್ಕೆ ನನ್ನನ್ನೇ ಕರೆದರು.

ಅತ್ತೆ ಹೇಳಿದ್ದು ಮುಯ್ಯಿಯ ವಿಷಯ. ಕೊಯ್ಲಿನ ಕಾಲದಲ್ಲಿ ಸಣ್ಣ ಹಿಡುವಳಿಯವರಿಗೆ ಆಳು ಸಿಗುವುದಿಲ್ಲ. ಹಣ್ಣು ಒಟ್ಟಿಗೆ ಕೆಂಪಾಗಿರುತ್ತದೆ, ಬಿಟ್ಟರೆ ಉದುರುತ್ತದೆ. ಅದಕ್ಕೆ ಏಳೆಂಟು ಮನೆಯ ಹೆಂಗಸರು ಒಂದು ಗುಂಪಾಗಿ, ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರ ತೋಟ ಎಂದು ಕೊಯ್ದು ಮುಗಿಸುತ್ತಾರೆ. ಯಾರ ತೋಟದಲ್ಲಿ ಕೊಯ್ಲೋ ಅವರ ಮನೆಯಲ್ಲಿ ಮಧ್ಯಾಹ್ನದ ಊಟ. ಅದು ತಪ್ಪುವಂತಿಲ್ಲ. ಊರಲ್ಲಿದ್ದೂ ಊಟ ಹಾಕದ ಮನೆಗೆ ಮುಂದಿನ ವರ್ಷ ಯಾರೂ ಹೋಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟಕ್ಕೆ ಕೂತಾಗೆಲ್ಲ ನಾನು ಪರದೆಯ ಬಗ್ಗೆಯೇ ಮಾತಾಡುತ್ತಿದ್ದೆ. ಒಂದು ದಿನ ಅನ್ನಸಾರಿನ ತಟ್ಟೆಯನ್ನೇ ನಕ್ಷೆ ಮಾಡಿ ಅತ್ತೆಗೆ ತೋರಿಸಿದೆ.

“ಇದು ಹಳದಿ, ಜನ ಇದ್ದಾರೆ. ಇದು ಬೂದು, ಯಾರೂ ಇಲ್ಲ. ಆನೆನ ಇಲ್ಲಿಂದ ಹೀಗೆ ಕಳಿಸ್ತಾರೆ.”

“ಅಂದ್ರೆ ಇಲ್ಲ ಅಂತ ಒತ್ತಿದೋರ ತೋಟದ ಮೇಲೇ ಆನೆ ಹೋಗದು?”

“ಹೌದು. ಗಿಡ ಮುರಿದ್ರೂ ಜನ ಉಳೀತಾರಲ್ಲ.”

ಅತ್ತೆ ತಟ್ಟೆಯ ಅಂಚಿನ ಅನ್ನವನ್ನು ಒಳಕ್ಕೆ ಎಳೆದುಕೊಂಡು ಊಟ ಮುಂದುವರಿಸಿದಳು. ಅದರ ಹಿಂದಿನ ವರ್ಷವೇ ಒಂದು ಸಲಗ ಅವಳ ತೋಟದಲ್ಲಿ ಹಾದುಹೋಗಿ, ನೆರಳಿನ ಸಿಲ್ವರ್ ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಗಳನ್ನು ಎಳೆದು ಹಾಕಿತ್ತು. ಅವಳು ಹೊಸ ಬಳ್ಳಿ ನೆಟ್ಟು, ಬೇಸಿಗೆಯಿಡೀ ಕೊಡದಲ್ಲಿ ನೀರು ಹೊತ್ತು ಹಾಕಿದ್ದಳು.

ಕೊಯ್ಲು ಶುರುವಾಗುವಷ್ಟರಲ್ಲಿ ನಕ್ಷೆಯ ತುಂಬ ಹಳದಿ. ಸಂತೆಯ ದಿನವೂ ಹಳದಿ, ಊರಿಗೆ ಊರೇ ಮದುವೆಗೆ ಹೋದ ದಿನವೂ ಹಳದಿ. ಇಂಜಿನಿಯರ್ ತಿಂಗಳಿಗೊಮ್ಮೆ ಬಂದು ನೋಡಿ, ಜನ ಚೆನ್ನಾಗಿ ಸ್ಪಂದಿಸುತ್ತಿದ್ದಾರೆ ಎಂದು ಸಂತೋಷಪಡುತ್ತಿದ್ದರು. ಸಂತೆಯ ದಿನವೂ ಎಲ್ಲರೂ ತೋಟದಲ್ಲೇ ಇದ್ದಾರೆ ಎಂದು ಯಾರಾದರೂ ವಾದ ಮಂಡಿಸಿದ್ದರೆ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ. ಆದರೆ ಗುಂಡಿಯ ಯೋಚನೆ ನನ್ನದು. ಹಳದಿ ಹೆಚ್ಚಾದಷ್ಟೂ ನನಗೂ ಸಂತೋಷವೇ ಆಗುತ್ತಿತ್ತು.

ಆ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಅತ್ತೆ ಎರಡು ಬುತ್ತಿ ಕಟ್ಟಿದಳು. ಅಕ್ಕಿರೊಟ್ಟಿ, ಹುರುಳಿ ಚಟ್ನಿ. ಒಂದನ್ನು ನನ್ನ ಬ್ಯಾಗಿನ ಪಕ್ಕ ಇಟ್ಟಳು, ಇನ್ನೊಂದನ್ನು ಕೊಯ್ಲಿನ ಚೀಲಕ್ಕೆ ತುರುಕಿದಳು.

“ಇವತ್ತು ಇಬ್ರಿಗೂ ಒಂದೇ ಊಟ,” ಎಂದಳು. ನಾನು ಬಸ್ಸು ತಪ್ಪೀತೆಂದು ಹೊರಟೆ.

ಹನ್ನೊಂದೂವರೆಯ ಹೊತ್ತಿಗೆ ಕಾಡಂಚಿನ ಸೆನ್ಸರ್ ಮಿಡಿಯಿತು. ಹಿಂದೆಯೇ ಬೇಲಿಯ ಕರೆಂಟು ಇಳಿಯಿತು. ಕ್ಯಾಮೆರಾದಲ್ಲಿ ಮೊದಲು ಕಂಡದ್ದು ಬೇಲಿಯ ಮೇಲೆ ಬಿದ್ದ ಒಣಮರ, ಆಮೇಲೆ ಅದನ್ನು ಬೀಳಿಸಿದವನ ಬೆನ್ನು. ಒಂಟಿ ಸಲಗ. ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಿ, ಹಳ್ಳದ ಜಾಡು ಹಿಡಿದು ಕೆಳಗಿಳಿಯತೊಡಗಿತು. ಆನೆ ಅಟ್ಟುವ ತಂಡದ ಜೀಪು ನೀಲಿ ಚುಕ್ಕೆಯಾಗಿ ಅದರ ಬೆನ್ನು ಹತ್ತಿತು. ತಂತ್ರಾಂಶ ತಾನಾಗಿ ದಾರಿ ಎಳೆಯಿತು: ಹಳ್ಳ ದಾಟಿಸಿ, ಮೇಲಿನ ತೋಟದ ಮೂಲಕ, ಮತ್ತೆ ಕಾಡಿಗೆ. ಸುತ್ತಲೂ ಹಳದಿ, ಮೇಲಿನ ತೋಟ ಒಂದೇ ಬೂದು. ಅದು ಹಳ್ಳದ ಆಚೆ ದಡದಲ್ಲಿ ಅತ್ತೆಯ ತೋಟಕ್ಕೆ ಎದುರಾಗಿಯೇ ಇರುವ, ವಯಸ್ಸಾದ ಗಂಡ ಹೆಂಡತಿಯ ಜಮೀನು.

ತಂಡದ ಹಿರಿಯರು ವಾಕಿಟಾಕಿಯಲ್ಲಿ ಬಂದರು. ಐವತ್ತು ದಾಟಿದವರು. ಮೊದಲು ಎಸ್ಟೇಟೊಂದರಲ್ಲಿ ಕಾವಲಿಗಿದ್ದವರು. ನನ್ನನ್ನು ವಕೀಲಮ್ಮ ಎಂದು ಕರೆಯುವುದು ಅವರ ರೂಢಿ.

“ವಕೀಲಮ್ಮ, ಯಾವ ಕಡೆ ಬಿಡದು?”

“ಹಳ್ಳ ದಾಟಿಸಿ ಮೇಲಿನ ತೋಟಕ್ಕೆ ಬಿಡಿ ಅಣ್ಣ. ಖಾಲಿ ಇದೆ.”

“ಕೊಯ್ಲಿನ ಟೈಮಲ್ಲಿ ಖಾಲಿ ತೋಟ? ಯಾರ್ ಹೇಳಿದ್ದು?”

“ಮಾಲೀಕರೇ ಬೆಳಿಗ್ಗೆ ಒತ್ತಿದ್ದಾರೆ. ಇಲ್ಲ ಅಂತ.”

“ಹಂಗಾದ್ರೆ ಸರಿ. ಇದಕ್ಕೆ ಮದ ಬಂದಂಗಿದೆ, ಕೆನ್ನೆ ಒದ್ದೆ ಕಾಣ್ತದೆ. ಜೋರಾಗೇ ಅಟ್ಟಬೇಕು.”

ಪಟಾಕಿಯ ಶಬ್ದ ವಾಕಿಟಾಕಿಯಲ್ಲಿ ಒಡೆದೊಡೆದು ಕೇಳಿಸಿತು. ಕೆಂಪು ಚುಕ್ಕೆ ಹಳ್ಳದ ಹತ್ತಿರ ನಿಂತಿತು, ತಿರುಗಿತು, ಮತ್ತೆ ಸರಿಯಾದ ದಾರಿಗೇ ಬಂತು. ಆ ವಾರ ಇಂಜಿನಿಯರ್ ಕೇಂದ್ರದಲ್ಲೇ ಇದ್ದರು. ನನ್ನ ಹಿಂದೆ ನಿಂತು, “ನೋಡಿ ಮೇಡಂ, ಗೆರೆ ಎಳೆದ ಹಾಗೆ ಹೋಗ್ತಾ ಇದೆ,” ಎಂದರು. ನಿಜವಾಗಿ ಹಾಗೇ ಹೋಗುತ್ತಿತ್ತು. ನನಗೆ ಹಸಿವಾಗಿತ್ತು. ಕಣ್ಣು ಪರದೆಯ ಮೇಲಿಟ್ಟುಕೊಂಡೇ ಬುತ್ತಿ ಬಿಚ್ಚಿದೆ.

ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು.

ಅತ್ತೆ ಸ್ವಂತ ತೋಟದಲ್ಲಿ ಕೊಯ್ದರೆ ಊಟಕ್ಕೆ ಮನೆಗೆ ಬರುತ್ತಾಳೆ, ಬುತ್ತಿ ಬೇಡ. ಮುಯ್ಯಿಗೆ ಹೋದರೆ ಆ ಮನೆಯವರು ಊಟ ಹಾಕುತ್ತಾರೆ, ಆಗಲೂ ಬುತ್ತಿ ಬೇಡ. ಅವಳು ಬುತ್ತಿ ಕಟ್ಟುವುದು ಒಂದೇ ಸಂದರ್ಭದಲ್ಲಿ: ಮುಯ್ಯಿ ಇದೆ, ಆದರೆ ಊಟ ಹಾಕುವ ಮನೆಯವರು ಊರಲ್ಲಿಲ್ಲ. ಊರಲ್ಲಿಲ್ಲದ ಮನೆ ಯಾವುದು? ಇಡೀ ನಕ್ಷೆಯಲ್ಲಿ ‘ಇಲ್ಲ’ ಎಂದವರು ಒಬ್ಬರೇ ಇದ್ದರು.

ಅತ್ತೆಯ ಫೋನಿಗೆ ಕರೆ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಕೊಯ್ಲಿಗೆ ಹೋಗುವಾಗ ಹಣ್ಣಿನ ರಸ ತಾಗುತ್ತದೆಂದು ಅವಳು ಫೋನನ್ನು ಮನೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಾಳೆ. ವಾಕಿಟಾಕಿಯಲ್ಲಿ ತಂಡವನ್ನು ಕರೆದೆ. ಪಟಾಕಿ ಹೊಡೆಯುವಾಗ ಅವರಿಗೆ ಏನೂ ಕೇಳುವುದಿಲ್ಲ. ಮತ್ತೆ ಕರೆದೆ. ಕೆಂಪು ಚುಕ್ಕೆ ಹಳ್ಳಕ್ಕೆ ಇಳಿಯಿತು.

“ಮೇಲಿನ ತೋಟದ ಸೈರನ್ ಹಾಕಿ ಸರ್. ಅಲ್ಲಿ ಜನ ಇದ್ದಾರೆ.”

“ಬೂದು ಇದೆಯಲ್ಲ ಮೇಡಂ. ಜನ ಇಲ್ಲದ ತೋಟಕ್ಕೆ ಸೈರನ್ ಹೋಗಲ್ಲ.”

“ಇದ್ದಾರೆ. ನನ್ನ ಅತ್ತೆ ಇದ್ದಾಳೆ. ಅವಳ ಗುಂಪಿನವರೆಲ್ಲ ಇದ್ದಾರೆ.”

“ಯಾರು ಹೇಳಿದ್ದು?”

ಏನು ಹೇಳಲಿ? ರೊಟ್ಟಿ ತೋರಿಸಲೇ?

ಅವರು ನನ್ನನ್ನು ತಡೆಯಲು ಮಾತಾಡುತ್ತಿರಲಿಲ್ಲ, ಅದನ್ನು ಒಪ್ಪಬೇಕು. ಪರದೆಯತ್ತ ಬಗ್ಗಿ ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟರು. “ಮೇಲಿಂದ ಸೈರನ್ ಕೂಗಿದ್ರೆ ಅದು ಹಿಂದಕ್ಕೆ ತಿರುಗುತ್ತೆ. ಹಿಂದೆ ಇರೋದು ನಮ್ಮ ತಂಡ. ಹಳ್ಳದೊಳಗೆ ಇದ್ದಾರೆ. ಓಡೋಕೆ ಜಾಗ ಇಲ್ಲ ಅಲ್ಲಿ. ನಿಮಗೆ ಖಾತ್ರಿ ಇದೆಯಾ?”

ಚರ್ಚೆಯ ವೇದಿಕೆಯಲ್ಲಿ ಪರ ಮತ್ತು ವಿರೋಧ ಎರಡಕ್ಕೂ ನಾನು ತಯಾರಾಗಿ ಹೋಗುತ್ತಿದ್ದೆ. ಚೀಟಿ ಎತ್ತಿದಾಗ ಯಾವುದು ಬಂದರೂ ಸರಿ. ಅವತ್ತು ಎರಡು ಕಡೆಯ ವಾದವೂ ನನಗೆ ಪೂರ್ತಿ ಕಾಣುತ್ತಿತ್ತು. ಒಂದು ಕಡೆ ನಾನು ಊಹಿಸಿದ ಎಂಟು ಜನ, ಇನ್ನೊಂದು ಕಡೆ ಹಳ್ಳದಲ್ಲಿ ಇದ್ದೇ ಇರುವ ತಂಡದ ಐದು ಜನ. ಯಾವುದು ಸರಿ ಎಂದು ಹೇಳುವ ತೀರ್ಪುಗಾರರು ಯಾರೂ ಇರಲಿಲ್ಲ. ಚುಕ್ಕೆ ಹಳ್ಳದ ಮಧ್ಯಕ್ಕೆ ಬಂದಿತ್ತು.

ನೆಟ್‌ವರ್ಕ್ ಇಲ್ಲದ ಬೆಳೆಗಾರರು ಕೇಂದ್ರಕ್ಕೆ ಕರೆ ಮಾಡಿ ಹೇಳಿದರೆ, ಅವರ ಪರವಾಗಿ ನಾವು ಉತ್ತರ ತುಂಬಬಹುದು. ಆ ಪುಟ ತೆರೆದೆ. ಆ ವಯಸ್ಸಾದವರ ಹೆಸರಿನ ಮುಂದೆ ಇದ್ದ ‘ಇಲ್ಲ’ವನ್ನು ತೆಗೆದು ‘ಇದ್ದೇವೆ’ ಎಂದು ಒತ್ತಿದೆ. ತೋಟ ಹಳದಿಯಾಯಿತು. ಆನೆಯ ದಾರಿಯಲ್ಲಿದ್ದ ತೋಟವಾದ್ದರಿಂದ ಅದೇ ಕ್ಷಣ ಅಲ್ಲಿನ ಸೈರನ್ ತಾನಾಗಿ ಕೂಗತೊಡಗಿತು. ಪರದೆ ಹಳೆಯ ದಾರಿಯನ್ನು ಅಳಿಸಿ ಹೊಸದನ್ನು ಹುಡುಕತೊಡಗಿತು. ಸುತ್ತಲೂ ಹಳದಿಯೇ ಇದ್ದುದರಿಂದ ದಾರಿ ಸಿಗದೆ, ಹುಡುಕುತ್ತಲೇ ಇತ್ತು.

ಕೆಂಪು ಚುಕ್ಕೆ ಹಿಂದಕ್ಕೆ ತಿರುಗಿತು. ನೀಲಿ ಚುಕ್ಕೆ ಒಂದು ಕಡೆ ಸುಮ್ಮನೆ ನಿಂತಿತ್ತು, ಏಕೆಂದರೆ ಅದು ಜೀಪಿನದು, ಮನುಷ್ಯರದಲ್ಲ. ಮನುಷ್ಯರು ಎಲ್ಲಿದ್ದಾರೆಂದು ನಮಗೆ ಕಾಣುತ್ತಿರಲಿಲ್ಲ. ಇಂಜಿನಿಯರ್ ನನ್ನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು. ನಾನು ವಾಕಿಟಾಕಿಯಲ್ಲಿ ಮತ್ತೆ ಮತ್ತೆ ಕರೆಯುತ್ತಿದ್ದೆ.

ಬಹಳ ಹೊತ್ತಾಯಿತು ಅನ್ನಿಸಿದ ಮೇಲೆ ವಾಕಿಟಾಕಿ ಕರಕರ ಎಂದಿತು.

“ವಕೀಲಮ್ಮ.” ಉಸಿರು ಸಿಗುತ್ತಿರಲಿಲ್ಲ ಅವರಿಗೆ. “ಖಾಲಿ ಅಂದ್ರಲ್ಲ. ಮೇಲೆ ಹೆಂಗಸ್ರು ಕೂಗದು ಕೇಳ್ತಾ ಇದೆ.”

“ನಿಮ್ಮೋರು ಹೇಗಿದ್ದಾರೆ ಅಣ್ಣ?”

“ಇದ್ದೀವಿ. ಬಂಡೆ ಸಂದಿಗೆ ಹಾರಿದ್ವಿ. ನನ್ನ ಭುಜ ಕಳಚ್ಕೊಂಡಿರಬೇಕು, ಕೈ ಮೇಲೆ ಬರ್ತಾ ಇಲ್ಲ. ಆನೆ ಕೆಳಗಡೆ ಗದ್ದೆಗೆ ಇಳೀತು.”

ಹೆಂಗಸರು ಸೈರನ್ ಕೇಳಿದ್ದೇ ಹಣ್ಣಿನ ಚೀಲಗಳನ್ನು ಅಲ್ಲೇ ಬಿಟ್ಟು, ಕಣದ ಪಕ್ಕದ ಗೋದಾಮಿಗೆ ಓಡಿ ಬಾಗಿಲು ಹಾಕಿಕೊಂಡಿದ್ದರು. ಅವರು ಕೊಯ್ಯುತ್ತಿದ್ದ ಸಾಲು ಹಳ್ಳದ ಏರಿಗೆ ತೀರ ಹತ್ತಿರ. ಸಲಗ ಏರಿ ಹತ್ತಿದ್ದರೆ ನೇರ ಅವರ ನಡುವೆ ಬರುತ್ತಿತ್ತು.

ಸಂಜೆ ತೋಟದ ಮಾಲೀಕರು ಚಿಕ್ಕಮಗಳೂರಿನಿಂದ ಬಂದರು. ಹೆಂಡತಿಯ ಕಣ್ಣು ತೋರಿಸಲು ಹೋಗಿದ್ದರಂತೆ. ವಿಷಯ ತಿಳಿದು ನೇರ ನಮ್ಮ ಜಗಲಿಗೆ ಬಂದರು.

“ನಾವಿಬ್ರೂ ಇರ್ಲಿಲ್ಲ, ಅದಕ್ಕೆ ಇಲ್ಲ ಅಂತ ಒತ್ತಿದೆ ಕಣಮ್ಮ. ಮುಯ್ಯಿಯೋರ ವಿಷಯ ಅವರವರ ಮನೆಯೋರು ಹೇಳಿರ್ತಾರೆ ಅಂದ್ಕೊಂಡೆ. ಅವರು ನಮ್ಮ ಆಳಲ್ಲ ನೋಡು.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಮುಯ್ಯಿಗೆ ಬಂದವರು ಯಾರಿಗೂ ಆಳಲ್ಲ. ಎಲ್ಲಿ ಕೊಯ್ದರೂ ಅವರು ತಮ್ಮ ತಮ್ಮ ಮನೆಯ ಲೆಕ್ಕಕ್ಕೇ ಸೇರಿದವರು. ನನ್ನ ಪ್ರಶ್ನೆ ಒಬ್ಬೊಬ್ಬ ಮಾಲೀಕರನ್ನು ಅವರ ಬೇಲಿಯೊಳಗೆ ನಿಲ್ಲಿಸಿ ಕೇಳಿದ ಪ್ರಶ್ನೆಯಾಗಿತ್ತು. ಸಭೆಯಲ್ಲಿ ಅತ್ತೆ ಹೇಳಿದ್ದೂ ಅದನ್ನೇ.

ಮರುದಿನ ಇಂಜಿನಿಯರ್ ದಾಖಲೆ ತೆಗೆದರು. ತಂತ್ರಾಂಶ ಪ್ರತಿ ತೋಟಕ್ಕೂ ದಿನದ ಕೊನೆಯ ಉತ್ತರವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೇಲಿನ ತೋಟದ ಮುಂದೆ ‘ಇದ್ದೇವೆ’ ಎಂದೇ ಇತ್ತು. ‘ಇಲ್ಲ’ ಎಂಬುದರ ಗುರುತೂ ಇರಲಿಲ್ಲ. ಜನ ಇರುವ ತೋಟ, ಆನೆ ಬಂತು, ಸೈರನ್ ಆಯಿತು. ಓದಿದವರಿಗೆ ಪರದೆ ಎಲ್ಲವನ್ನೂ ಮೊದಲೇ ಬಲ್ಲದು ಎನ್ನಿಸುತ್ತದೆ.

“ಇದು ಹೀಗಾಗಿಲ್ಲ ಅಂತ ಬರೀಬೇಕು ಸರ್. ಆನೇನ ಅವರ ಮೇಲೆ ಅಟ್ಟಿದ್ದೇ ನಾವು,” ಎಂದೆ.

“ಕೊನೆಗೆ ಸರಿಯಾದ ಮಾಹಿತಿ ಬಂತಲ್ಲ ಮೇಡಂ. ಆಪರೇಟರ್ ಕೂಡ ಸಿಸ್ಟಮ್ಮಿನ ಭಾಗವೇ. ನೀವು ಮಾಡಿದ್ದು ಅಂದ್ರೆ ಸಿಸ್ಟಮ್ ಮಾಡಿದ ಹಾಗೆ.”

ಅಷ್ಟು ಸಲೀಸಾಗಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ತಂಡದ ಹಿರಿಯರನ್ನಾದರೂ ಮಾತಾಡಿಸೋಣವೆಂದು ಮೂಡಿಗೆರೆಯ ಆಸ್ಪತ್ರೆಗೆ ಹೋದೆ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು.

“ಬಿಡಿ ವಕೀಲಮ್ಮ. ಹೆಂಗಸ್ರು ಉಳಿದ್ರಲ್ಲ. ಈಗ ನೀವು ಅದನ್ನ ಕೆದಕಿದ್ರೆ, ಖಾಲಿ ಅಂತ ಯಾರ್ ಹೇಳಿದ್ದು ಅಂತ ಮೊದ್ಲು ಕೇಳ್ತಾರೆ,” ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಕೇಂದ್ರಕ್ಕೆ ಹಿಂತಿರುಗಿ ನಾನೊಬ್ಬಳೇ ದಾಖಲೆಯನ್ನು ಮತ್ತೆ ಓದಿದೆ. ಈ ಸಲ ಅತ್ತೆಯ ತೋಟದ ಸಾಲು ನೋಡಿದೆ. ‘ಇದ್ದೇವೆ’ ಎಂದಿತ್ತು. ಒತ್ತಿದ ಸಮಯ, ನಾನು ಬಸ್ಸಿಗೆ ಹೊರಟ ಸ್ವಲ್ಪ ಹೊತ್ತಿನ ಮೇಲೆ. ಅಂದರೆ ಬುತ್ತಿ ಕಟ್ಟಿ ಆದ ಮೇಲೆ. ಅವಳ ತೋಟದಲ್ಲಿ ಆ ದಿನ ಒಂದು ನರಪಿಳ್ಳೆಯೂ ಇರಲಿಲ್ಲ.

ಅವಳ ತೋಟ ಬೂದು ಎಂದು ತುಂಬಿ, ದಾರಿ ತೋರಿಸುವಂತೆ ತಂತ್ರಾಂಶಕ್ಕೆ ಹೇಳಿದೆ. ಗೆರೆ ಹಳ್ಳದ ಈಚೆಯಿಂದಲೇ ಅವಳ ತೋಟದ ಒಳಗೆ ಹಾದು, ನೇರವಾಗಿ ಕಾಡು ಸೇರಿತು. ಹಳ್ಳ ದಾಟುವ ಪ್ರಮೇಯವೇ ಇಲ್ಲ. ಹೊಸ ಬಳ್ಳಿಗಳು ಹೋಗುತ್ತಿದ್ದವು. ಅದು ಬಿಟ್ಟರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಇದೆಲ್ಲ ಆಗಿ ತಿಂಗಳ ಮೇಲಾಯಿತು. ಬರುವ ಭಾನುವಾರ ಮಲ್ಲಂದೂರು ಕಡೆಯ ಬೆಳೆಗಾರರು ನಮ್ಮ ಕೇಂದ್ರ ನೋಡಲು ಬರುತ್ತಿದ್ದಾರೆ. ಅವರಿಗೂ ಇದೇ ಪರದೆ ಬೇಕಂತೆ, ಇದೇ ಎರಡು ಗುಂಡಿಯ ಪ್ರಶ್ನೆಯೂ ಬೇಕಂತೆ. ಬದುಕಿ ಉಳಿದವರ ಪರವಾಗಿ ನಾಲ್ಕು ಮಾತು ಆಡಲು ಅತ್ತೆಯನ್ನು ಕೇಳಿದ್ದಾರೆ. ಅವಳು ಒಪ್ಪಿದ್ದಾಳೆ.

ನಿನ್ನೆ ಸಂಜೆ ಅಂಗಳದಲ್ಲಿ ಕೂತು ಮೆಣಸಿನ ಗೊನೆ ಬಿಡಿಸುತ್ತಿದ್ದಳು. ನಾನು ಎದುರಿಗೆ ಕುಳಿತು ಒಂದು ಹಿಡಿ ತೆಗೆದುಕೊಂಡೆ.

“ಭಾನುವಾರ ಎಂತ ಹೇಳಲಿ ಮಾರಾಯ್ತಿ? ನಂಗೆ ನಿನ್ನಂಗೆ ಬೆರಳು ಮಡಚಕ್ಕೆ ಬರಲ್ಲ,” ಎಂದಳು.

“ಆದದ್ದನ್ನ ಹೇಳು.”

“ಆದದ್ದೇ ಅಲ್ವ ಎಲ್ರೂ ಹೇಳ್ತಾ ಇರದು? ಸೈರನ್ ಆಯ್ತು, ಓಡಿದ್ವಿ.”

“ಸೈರನ್ನಿಗೆ ಮುಂಚೆ ಆದದ್ದು ನಾನು ಹೇಳ್ತೀನಿ. ಮೇಲಿನ ತೋಟದ ‘ಇಲ್ಲ’ ಅಳಿಸಿದ್ದು ನಾನು ಅಂತ ಅವರ ಮುಂದೆ ಹೇಳ್ತೀನಿ. ಆಮೇಲೆ ಅವರು ಪೂರ್ತಿ ನಕ್ಷೆ ಕೇಳ್ತಾರೆ. ಅದರಲ್ಲಿ ನಮ್ಮ ತೋಟನೂ ಇದೆ.”

ಅವಳ ಬೆರಳುಗಳು ಗೊನೆಯ ಮೇಲೆ ನಿಂತವು. ಕೊಯ್ಲು ಮುಗಿದು ಎಷ್ಟೋ ದಿನವಾದರೂ ಉಗುರಿನ ಸಂದಿಯ ಕಾಫಿ ಕರೆ ಹೋಗಿರಲಿಲ್ಲ. ಆಚೆ, ಬೇಲಿಯ ಪಕ್ಕದ ಸಿಲ್ವರ್ ಮರಗಳಿಗೆ ಅವಳ ಬಳ್ಳಿಗಳು ಆಳೆತ್ತರ ಹಬ್ಬಿದ್ದವು.

“ಅತ್ತೆ,” ಎಂದೆ. “ಅವತ್ತು ಬುತ್ತಿ ಕಟ್ಟಿ ಆದ್ಮೇಲೆ ‘ಇದ್ದೇವೆ’ ಅಂತ ಒತ್ತಿದೆಯಲ್ಲ. ಆನೆ ಬಂದ್ರೆ ಯಾರ ತೋಟಕ್ಕೆ ಹೋಗ್ಲಿ ಅಂತ ಅಂದ್ಕೊಂಡಿದ್ದೆ?”